ಎರಡೇ ದಿನಕ್ಕೆ ಒಂದೂವರೆ ಕೆಜಿ ತೂಕ ಹೆಂಗೆ ಏರತ್ತೆ?

ಡೊಂಬಿವಲಿ ಫಾಸ್ಟ್‌:
ಶನಿವಾರ ಬೆಳಗ್ಗೆ 71.2 ಇತ್ತು. ಭಾನುವಾರ ಫ್ರೆಂಡ್ಸ್ ಜೊತೆ ಮಾಟುಂಗಾದಲ್ಲಿ ಮಸಾಲೆ ದೋಸೆ, ರಾತ್ರಿ ಪಾವ್‌ಭಾಜಿ ಆಯ್ತು, ಸೋಮವಾರ ನೋಡಿದ್ರೆ 72.7! ಇಡೀ ವಾರ ಚಪಾತಿ ಎಣಿಸಿ ತಿಂದಿದ್ದೆಲ್ಲಾ ಹೋಯ್ತಾ, ಇಲ್ಲಾ ಮಷೀನೇ ಕೆಟ್ಟಿದೆಯಾ?

ಕೋಥ್ರೂಡ್ ಮಂದಿ:
ಅದು ಕೊಬ್ಬಲ್ರೀ. ಲೆಕ್ಕಾ ಹಾಕಿ ನೋಡ್ರಿ, ಒಂದು ಕೆಜಿ ಕೊಬ್ಬು ಕೂಡಬೇಕಂದ್ರ ಸುಮಾರು 7,700 ಕ್ಯಾಲೊರಿ ಹೆಚ್ಚಿಗಿ ಬೇಕು, ಅಂದ್ರ ನಿಮ್ಮ ಒಂದೂವರೆ ಕೆಜಿಗೆ ಹನ್ನೊಂದೂವರೆ ಸಾವಿರ, ಅದೂ ದಿನಾ ಖರ್ಚಾಗೋದು ಬಿಟ್ಟು. ಅಷ್ಟು ತಿಂದಿದ್ರ ನೀವು ಇಲ್ಲಿ ಟೈಪ್ ಮಾಡ್ತಿರಲಿಲ್ಲ ಬಿಡ್ರಿ 😄 ಪಾವ್‌ಭಾಜ್ಯಾಗ ಉಪ್ಪು ಜಾಸ್ತಿ, ಆ ಉಪ್ಪಿನ ಜೋಡಿ ಮೈ ನೀರು ಹಿಡಕೋತದ, ಕಿಡ್ನಿ ಅದನ್ನ ಹೊರಗ ಹಾಕೋತನಕ ಒಂದೆರಡು ದಿನ ಕಾಟಾ ಮ್ಯಾಲೇ ಇರ್ತದ. ಇನ್ನ ಪಾವು, ದೋಸಿ ಎಲ್ಲಾ ಕಾರ್ಬು, ಅದು ಗ್ಲೈಕೋಜೆನ್ (ಮೈ ಕೂಡಿಟ್ಕೊಳ್ಳೋ ಸಕ್ಕರಿ) ಆಗಿ ಲಿವರ್‌ನ್ಯಾಗ, ಸ್ನಾಯುದಾಗ ಕೂಡ್ತದ, ಒಂದು ಗ್ರಾಮ್ ಗ್ಲೈಕೋಜೆನ್ ಜೋಡಿ ಸುಮಾರು ಮೂರು ಗ್ರಾಮ್ ನೀರು. ಮತ್ತ ತಿಂದದ್ದೇ ಇನ್ನೂ ಹೊಟ್ಟ್ಯಾಗದ, ಅದಕ್ಕೂ ತೂಕ ಇಲ್ಲೇನು?

ಮುಲುಂಡ್ ಅಕ್ಕ:
ಹೆಂಗಸರಿಗೆ ಪೀರಿಯಡ್ಸ್ ಹತ್ರ ಬಂದಾಗ ಏನೂ ತಿನ್ನದಿದ್ರೂ ಏರತ್ತೆ, ಅದೂ ನೀರೇ. ಜಿಮ್‌ನಲ್ಲಿ ಹೊಸದಾಗಿ ಜೋರು ಲೆಗ್ ಡೇ ಮಾಡಿ ಮರುದಿನ ಕಾಲು ನೋವಿದ್ದಾಗ್ಲೂ ಹಾಗೇ. ಉಲ್ಟಾನೂ ಉಂಟು ನೋಡಿ, ಮೇ ತಿಂಗಳ ಸೆಕೆಗೆ ಓಡಿ ಬಂದು ಒಂದು ಕೆಜಿ ಇಳೀತು ಅಂತ ಖುಷಿಪಡ್ತಾರೆ, ಅದು ಬರೀ ಬೆವರು, ನೀರು ಕುಡಿದ್ರೆ ವಾಪಸ್. ಡಯಟ್ ಶುರು ಮಾಡಿದ ಮೊದಲ ವಾರ ಸರ್‍ರಂತ ಇಳಿಯೋದ್ರಲ್ಲೂ ನೀರೇ ಜಾಸ್ತಿ, ಅದನ್ನೇ ತೋರಿಸಿ ಪ್ಯಾಕೇಜ್ ಮಾರೋರಿಗೆ ಮಾತ್ರ ದುಡ್ಡು ಕೊಡ್ಬೇಡಿ.

ಡೊಂಬಿವಲಿ ಫಾಸ್ಟ್‌:
ಹಂಗಾದ್ರೆ ಯಾವ ನಂಬರ್ ನಂಬೋದು ಅಕ್ಕಾ? ರಾತ್ರಿ ನೋಡಿದ್ರೆ ಇನ್ನೂ ಜಾಸ್ತಿ ಇರತ್ತೆ.

ಮುಲುಂಡ್ ಅಕ್ಕ:
ರಾತ್ರಿ ನೋಡ್ಲೇ ಬೇಡಿ. ಬೆಳಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಚಾ ಕುಡಿಯೋ ಮೊದಲು, ಗಟ್ಟಿ ನೆಲದ ಮೇಲೆ ಮಷೀನ್ ಇಟ್ಟು ನೋಡಿ, ಮ್ಯಾಟ್ ಮೇಲೆ ಇಟ್ರೆ ತಪ್ಪು ತೋರಿಸತ್ತೆ. ಏಳು ದಿನದ್ದು ಕೂಡಿಸಿ ಸರಾಸರಿ ತೆಗೆದು ಹಿಂದಿನ ವಾರದ್ದಕ್ಕೆ ಹೋಲಿಸಿ.

ಕೋಥ್ರೂಡ್ ಮಂದಿ:
ಒಂದು ಮಾತ್ರ ಖರೇ ಸೀರಿಯಸ್. ಮನ್ಯಾಗ ಹಾರ್ಟ್ ಅಥವಾ ಕಿಡ್ನಿ ತ್ರಾಸ್ ಇದ್ದವರಿಗೆ ಎರಡ್ಮೂರು ದಿನದಾಗ ತೂಕ ಹಿಂಗ ಏರಿ, ಕಾಲು ಬಾತು, ಉಸಿರಾಡ್ಲಿಕ್ಕೆ ಕಷ್ಟ ಆದ್ರ ಸರಾಸರಿ ಗಿರಾಸರಿ ನೋಡ್ಕೋತ ಕೂಡಬ್ಯಾಡ್ರಿ, ಆವತ್ತೇ ಡಾಕ್ಟರ್ ಕಡೆ ಹೋಗ್ರಿ.