ಅಪ್‌ಡೇಟ್: ಕಾಲೇಜಿನ ಕಾಗದದ ವಿಷಯ ಅರ್ಧ ಗೆದ್ದೆವು

ಕಾಡಿಗೆ ಹೊರೆಯಾಗದ ಕಾಗದ ಕೊಳ್ಳಲು ಕಾಲೇಜನ್ನು ಒಪ್ಪಿಸುವುದು ಹೇಗೆ ಅಂತ ಮಡಿಕೇರಿಯಿಂದ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲ ಸಲ ಆಫೀಸಿನಲ್ಲಿ, 'ಕಡಿಮೆ ರೇಟ್ ಯಾರದೋ ಅವರಿಗೇ ಆರ್ಡರ್' ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಆಮೇಲೆ ನಿಮ್ಮಲ್ಲೊಬ್ಬರು ಹೇಳಿದಂತೆ, ಖರ್ಚಾಗುವ ಕಾಗದವನ್ನೇ ಲೆಕ್ಕ ಹಾಕಿದೆವು. ಇಂಟರ್ನಲ್ಸ್, ಅಸೈನ್‌ಮೆಂಟ್, ನೋಟೀಸು, ಎಲ್ಲ ಒಂದೇ ಮಗ್ಗುಲಿಗೆ ಪ್ರಿಂಟ್! ಎರಡೂ ಮಗ್ಗುಲಿಗೆ ಹಾಕಿದರೆ ಉಳಿಯುವ ದುಡ್ಡಿನಲ್ಲೇ ಒಳ್ಳೆ ಕಾಗದ ಬರುತ್ತದೆ ಅಂತ ಪ್ರಿನ್ಸಿಪಾಲ್ ಮೇಡಂಗೆ ತೋರಿಸಿದೆವು. ಒಪ್ಪಿದರು.

ಇನ್ನು ಕೊಟೇಶನ್‌ನಲ್ಲಿ ಎಫ್‌ಎಸ್‌ಸಿ ಗುರುತಿನದು (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವ ಕಡೆಯ ಮರದ್ದು ಅನ್ನುವ ಗುರುತು), ಮರುಬಳಕೆಯದು ಅಥವಾ ಕಬ್ಬಿನ ಸಿಪ್ಪೆಯದು ಅಂತ ಕೇಳುತ್ತಾರೆ. ಸಿಪ್ಪೆಯ ಕಾಗದ ನನಗೆ ಹೊಸ ವಿಷಯ. ತಮಿಳುನಾಡಿನ ಕರೂರಿನ ಹತ್ತಿರ ಟಿಎನ್‌ಪಿಎಲ್ ಅನ್ನುವ ಕಾಗದದ ಕಾರ್ಖಾನೆ ಮರದ ತಿರುಳಿನ ಜೊತೆ ಇದನ್ನೂ ಬಳಸುತ್ತದೆ. ಅಲ್ಲಿ ಹರಿಯುವುದೂ ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯೇ ಅಲ್ವಾ!

ಸಾವಿರಕ್ಕೂ ಜಾಸ್ತಿ ದೇವರಕಾಡು ಇರುವ ಜಿಲ್ಲೆ ನಮ್ಮದು. ಅಲ್ಲಿಂದ ಒಣ ಕೊಂಬೆ ತರಲೂ ನಮ್ಮಜ್ಜಿ ಬಿಡುತ್ತಿರಲಿಲ್ಲ. ಮೀಟಿಂಗಿನಲ್ಲಿ ಅದನ್ನೇ ಹೇಳಿದೆ, ಗಂಟಲು ಕಟ್ಟಿತು.

ಗೇಟಿನ ಜೆರಾಕ್ಸ್ ಅಂಗಡಿ ಮಾತ್ರ ಬಾಕಿ. ಸೋಮವಾರ ಅಂಗಡಿಯ ಅಣ್ಣನ ಹತ್ತಿರ ಮಾತಾಡುತ್ತೇವೆ.