ಶೆಲ್ ಸ್ಕ್ರಿಪ್ಟಿನ ‘ಎಲ್ಸ್’: ಇಲ್ಲದಿದ್ದರೆ, ಅಲ್ಲದಿದ್ದರೆ, ಆಗದಿದ್ದರೆ?

ಎಲ್ಲರಿಗೂ ನಮಸ್ಕಾರ.

ಹೊಸಬರಿಗಾಗಿ ಶೆಲ್ ಸ್ಕ್ರಿಪ್ಟಿನ (ಕಂಪ್ಯೂಟರಿಗೆ ಕೊಡುವ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲಿನ) ಪಾಠ ಬರೆಯುತ್ತಿದ್ದೇನೆ. ‘ಇಫ್, ದೆನ್, ಎಲ್ಸ್’ ಹತ್ತಿರ ಬಂದು ಕೈ ನಿಂತಿದೆ. ಕೀವರ್ಡುಗಳನ್ನೇ ಕನ್ನಡ ಮಾಡುವ ಹುಚ್ಚು ನನಗಿಲ್ಲ, ಅವು ಇದ್ದ ಹಾಗೇ ಇರಲಿ. ಆದರೆ ಸಾಲನ್ನು ಕನ್ನಡದಲ್ಲಿ ಓದಿ ಹೇಳಬೇಕಲ್ವಾ?

‘ಇಫ್’ ಜಾಸ್ತಿ ಕಾಡಲಿಲ್ಲ. ನಮ್ಮಲ್ಲಿ ಅದಕ್ಕೆ ಬೇರೆ ಪದವೇ ಬೇಡ, ಕ್ರಿಯಾಪದದ ಬಾಲಕ್ಕೆ ‘ರೆ’ ಅಂಟಿದರೆ ಆಯಿತು: ಇದ್ದರೆ, ಬಂದರೆ, ಸಿಕ್ಕರೆ. ಮುಂದೆ ‘ಒಂದು ವೇಳೆ’ ಹೇರುವುದು ಸುಮ್ನೆ ಭಾರ. ನೋಡಿದರೆ ಈ ‘ರೆ’ ಬಂದು ಕೂರುವುದು ‘ದೆನ್’ ಇರುವ ಜಾಗದಲ್ಲಿ! ಓದುವಾಗ ‘ಇಫ್’ ನುಂಗಿಬಿಡಿ, ‘ದೆನ್’ ಬಂದಾಗ ‘ರೆ’ ಅನ್ನಿ ಎಂದು ಬರೆದಿದ್ದೇನೆ.

ತೊಡಕು ‘ಎಲ್ಸ್’ನದು. ಮೊದಲು ಎಲ್ಲ ಕಡೆ ‘ಇಲ್ಲದಿದ್ದರೆ’ ಹಾಕುತ್ತಾ ಹೋದೆ. ‘ಫೈಲ್ ಇದ್ದರೆ ತೆರೆ, ಇಲ್ಲದಿದ್ದರೆ ಹೊಸದು ಮಾಡು’, ಚೆನ್ನಾಗಿದೆ. ‘ಓಡಿಸುತ್ತಿರುವವರು ರೂಟ್ ಆಗಿದ್ದರೆ ಮುಂದುವರಿ, ಇಲ್ಲದಿದ್ದರೆ ನಿಲ್ಲು’, ಇದು ಕಿವಿಗೆ ಸ್ವಲ್ಪ ಒರಟು (ರೂಟ್ ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ). ಇಲ್ಲಿ ‘ಅಲ್ಲದಿದ್ದರೆ’ ಬೇಕು. ಇದೆ ಎಂಬುದಕ್ಕೆ ಎದುರು ‘ಇಲ್ಲ’, ಹೌದು ಎಂಬುದಕ್ಕೆ ಎದುರು ‘ಅಲ್ಲ’. ಇಂಗ್ಲಿಷಿನ ಒಂದು ಪದ ನಮ್ಮಲ್ಲಿ ಎರಡಾಗಿ ಸೀಳಿತು.

ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಶೆಲ್ಲಿನ ‘ಇಫ್’ ಇದೆಯೇ, ಹೌದೇ ಎಂದು ಕೇಳುವುದೇ ಇಲ್ಲ. ಮುಂದಿರುವ ಕಮಾಂಡನ್ನು ಓಡಿಸಿ, ಅದು ಮುಗಿಯುವಾಗ ಕೊಡುವ ಅಂಕಿ ನೋಡುತ್ತದೆ. 0 ಬಂದರೆ ಕೆಲಸ ಆಯಿತು, ಬೇರೇನೇ ಬಂದರೂ ಆಗಲಿಲ್ಲ. 0 ಅಂದರೆ ‘ಸುಳ್ಳು’ ಎನ್ನುವ ಸಿ ಪ್ರೋಗ್ರಾಮಿಂಗ್ ಭಾಷೆಯಿಂದ ಬಂದವರಿಗೆ ಇದು ಪೂರ್ತಿ ತಿರುವುಮುರುವು. ‘ಇಫ್’ ಮುಂದೆ ಪರೀಕ್ಷೆಗೆಂದು ಹಾಕುವ ಚೌಕ ಕಂಸ ‘[’ ಕೂಡ ಒಂದು ಕಮಾಂಡೇ, ಅದಕ್ಕೇ ಅದರ ಪಕ್ಕ ಸ್ಪೇಸ್ ಬಿಡದಿದ್ದರೆ ಜಗಳ.

ಇದರಿಂದ ನಾನೇ ಪೆಟ್ಟು ತಿಂದೆ. ಫೈಲಿನಲ್ಲಿ ಪದ ಹುಡುಕುವ ಕಮಾಂಡ್ ‘ಗ್ರೆಪ್’, ಪದ ಸಿಕ್ಕರೆ 0 ಕೊಡುತ್ತದೆ, ಸಿಗದಿದ್ದರೆ 1, ಫೈಲನ್ನೇ ಓದಲಾಗದಿದ್ದರೆ 2. ‘ಈ ಸಾಲು ಫೈಲಿನಲ್ಲಿ ಇದ್ದರೆ ಸುಮ್ಮನಿರು, ಇಲ್ಲದಿದ್ದರೆ ಕೊನೆಗೆ ಸೇರಿಸು’ ಅಂತ ಮನಸ್ಸಿನಲ್ಲಿ ಹೇಳಿಕೊಂಡು ಬರೆದೆ. ಫೈಲಿನ ಹೆಸರಲ್ಲಿ ಒಂದಕ್ಷರ ತಪ್ಪಿತ್ತು. ಬಂದದ್ದು 2. ಸ್ಕ್ರಿಪ್ಟ್ ನೇರ ‘ಎಲ್ಸ್’ಗೆ ಇಳಿದು, ಆ ತಪ್ಪು ಹೆಸರಿನಲ್ಲೇ ಹೊಸ ಫೈಲ್ ಹುಟ್ಟಿಸಿ ಸಾಲು ಬರೆಯಿತು. ‘ಆಗದಿದ್ದರೆ’ ಅಂದುಕೊಂಡಿದ್ದರೆ, ಯಾಕೆ ಆಗಲಿಲ್ಲ ಎಂದು ಕೇಳಿಕೊಳ್ಳುತ್ತಿದ್ದೆನೇನೋ.

ಹಾಗಾಗಿ ನನ್ನ ಒಲವು ‘ಆಗದಿದ್ದರೆ’ ಕಡೆಗೆ. ಒಂದೇ ಕಿರಿಕಿರಿ, ಅದರ ಜೋಡಿ ‘ಆದರೆ’. ‘ಕಮಾಂಡ್ ಆದರೆ ಮುಂದಿನ ಸಾಲು ಓಡುತ್ತದೆ’ ಎಂದು ಅಚ್ಚಿನಲ್ಲಿ ನೋಡಿದವರು ಅದನ್ನು ‘ಆದರೂ’ ಜಾತಿಯ ‘ಆದರೆ’ ಅಂತ ಓದಿಬಿಡಬಹುದು. ‘ಗೆದ್ದರೆ, ಸೋತರೆ’ ಹಾಕಿ ನೋಡಿದೆ, ಪಂದ್ಯದ ವರದಿ ಥರ ಕೇಳಿಸಿತು. ‘ಕೈಗೂಡಿದರೆ’ ಅಂದರೆ ಮದುವೆ ಮಾತುಕತೆ!

ಹೀಗೆ ದಾರಿ ಒಡೆಯುವ ಬ್ರಾಂಚಿಂಗಿಗೆ ‘ಕವಲು’ ಸಾಕು, ಅದರಲ್ಲಿ ಅನುಮಾನವಿಲ್ಲ. ‘ಫೈ’ ಬಗ್ಗೆ ಒಂದು ಮಾತು: ‘ಇಫ್’ ಅನ್ನು ಹಿಂದುಮುಂದು ಮಾಡಿ ಮುಚ್ಚುವ ಈ ಚಾಳಿ ಆಲ್ಗಾಲ್ 68 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಿಂದ ಸ್ಟೀಫನ್ ಬೋರ್ನ್ ಅವರ ಶೆಲ್ಲಿಗೆ ಬಂದದ್ದು. ‘ಇದ್ದರೆ’ಯನ್ನು ಹಾಗೇ ತಿರುಗಿಸಿದರೆ ‘ರೆದ್ದಇ’. ಬೇಡ ಬಿಡಿ, ‘ಇಲ್ಲಿಗೆ ಮುಗಿಯಿತು’ ಎಂದು ಓದಿಸುತ್ತೇನೆ.

‘ಆದರೆ, ಆಗದಿದ್ದರೆ’ ಜೋಡಿಯನ್ನು ಗೊಂದಲವಿಲ್ಲದೆ ಬರೆಯಲು ನಿಮ್ಮಲ್ಲಿ ಯಾರಾದರೂ ದಾರಿ ಕಂಡುಕೊಂಡಿದ್ದೀರಾ? ಇಲ್ಲ, ಸಂದರ್ಭ ನೋಡಿ ಮೂರನ್ನೂ ಬಳಸುವುದೇ ವಾಸಿಯಾ?