‘ಲೀಷನ್’ ಅಂದರೆ ಗಾಯವೇ? ಹುಟ್ಟುಮಚ್ಚೆಗಳ ಬಗ್ಗೆ ಒಂದು ಪದಪ್ರಶ್ನೆ

ಗೆಳೆಯರೇ,

ಮಕ್ಕಳ ಚರ್ಮದ ಬಗ್ಗೆ ಅಪ್ಪ ಅಮ್ಮಂದಿರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನೀವಸ್ ಸೆಬೇಷಿಯಸ್’ ಎಂಬ ಹುಟ್ಟುಮಚ್ಚೆಯ ಭಾಗಕ್ಕೆ ಪದ ಹೊಂದಿಸಲು ನಿಮ್ಮ ನೆರವು ಬೇಕು.

ಇದು ಸಾವಿರ ಕೂಸುಗಳಲ್ಲಿ ಸುಮಾರು ಮೂರಕ್ಕೆ ಹುಟ್ಟುವಾಗಲೇ ಇರುತ್ತದೆ. ಜಾಸ್ತಿ ಕಾಣುವುದು ತಲೆಯ ಮೇಲೆ, ಕೆಲವೊಮ್ಮೆ ಮುಖದಲ್ಲಿ. ಹಳದಿ ಇಲ್ಲವೇ ಕಿತ್ತಳೆ ಛಾಯೆ ಇರುತ್ತದೆ, ಅಷ್ಟು ಜಾಗದಲ್ಲಿ ಕೂದಲು ಬೆಳೆಯುವುದಿಲ್ಲ. ಹರೆಯದಲ್ಲಿ ಹಾರ್ಮೋನುಗಳಿಂದ ಅಲ್ಲಿನ ಎಣ್ಣೆಗ್ರಂಥಿಗಳು ಹಿಗ್ಗಿ, ಆ ಜಾಗ ದಪ್ಪಗಾಗಿ ನರೂಲಿಯಂತೆ ಒರಟಾಗುತ್ತದೆ. ದೊಡ್ಡವರಾದ ಮೇಲೆ ಅದರಲ್ಲಿ ಗಂಟು ಬರಬಹುದು. ಬಂದರೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಜರ್ಮನಿಯ ಚರ್ಮವೈದ್ಯ ಯೋಸೆಫ್ ಯಾಡಾಸ್ಸೋನ್ 1895ರಲ್ಲೇ ಇದನ್ನು ವಿವರಿಸಿದ್ದರು. ಕಾರಣ ತಿಳಿದದ್ದು ಮಾತ್ರ 2012ರಲ್ಲಿ. ಕೂಸು ಗರ್ಭದಲ್ಲಿರುವಾಗ ಒಂದು ಕೋಶದ ಜೀನ್ ಬದಲಾಗುತ್ತದೆ, ಹೆಚ್ಚಾಗಿ ‘ಎಚ್‌ರಾಸ್’ ಎಂಬುದು. ಆ ಕೋಶದಿಂದ ಬೆಳೆದ ಚರ್ಮದಲ್ಲಷ್ಟೇ ಗುರುತು ಮೂಡುತ್ತದೆ. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಕೈಪಿಡಿಯಲ್ಲಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸಬೇಕು ಅಂತಿದ್ದೇನೆ.

ಈಗ ಪದಗಳಿಗೆ ಬರುತ್ತೇನೆ. ಇಂಥ ಗುರುತನ್ನು ವೈದ್ಯರು ಇಂಗ್ಲಿಷಿನಲ್ಲಿ ‘ಲೀಷನ್’ ಅನ್ನುತ್ತಾರೆ. ಅದಕ್ಕೆ ‘ಗಾಯ’ ಅಂತ ಬರೆಯುವವರಿದ್ದಾರೆ. ಲ್ಯಾಟಿನ್ ಮೂಲದಲ್ಲಿ ಪೆಟ್ಟು ಎಂಬ ಅರ್ಥ ಇದೆ, ನಿಜ. ಆದರೆ ವೈದ್ಯರು ಅದನ್ನು ಅಂಗದಲ್ಲಿ ಕಾಣುವ ಯಾವುದೇ ಬದಲಾವಣೆಗೆ ಬಳಸುತ್ತಾರೆ. ಕನ್ನಡದಲ್ಲಿ ಗಾಯ ಅಂದರೆ ಏನೋ ತಾಗಿದೆ ಅಂತಲೇ ಅರ್ಥ, ಅಲ್ವಾ? ಹಸುಗೂಸಿನ ತಲೆಯಲ್ಲಿ ಗಾಯ ಅಂತ ಓದಿದ ಮನೆಯವರು ಹೆರಿಗೆ ಮಾಡಿಸಿದವರನ್ನು ಅನುಮಾನಿಸುತ್ತಾರೆ. ‘ಹುಣ್ಣು’ ಅಂದರೆ ಕೀವು ಹುಡುಕುತ್ತಾರೆ. ‘ಗಡ್ಡೆ’ ಅಂದರೆ ಕ್ಯಾನ್ಸರ್ ಅಂತ ಎದೆ ಒಡೆದುಕೊಳ್ಳುತ್ತಾರೆ. ‘ವಿಕೃತಿ’ ಎಂಬ ಪದವನ್ನಂತೂ ಯಾವ ತಾಯಿಯ ಮುಂದೆಯೂ ಆಡಬಾರದು.

‘ಬಿನೈನ್’ಗೆ ಬಳಸುವ ‘ಸೌಮ್ಯ’ವೂ ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ಸೌಮ್ಯ, ಮುಂದೆ ಜೋರಾಗಬಹುದು ಎಂಬ ಧ್ವನಿ ಅದರಲ್ಲಿದೆ. ‘ಕ್ಯಾನ್ಸರ್ ಅಲ್ಲದ’ ಅಂತ ನೇರವಾಗಿ ಬರೆಯುವುದೇ ಮೇಲು.

ಉಳಿದದ್ದು ‘ನೀವಸ್’. ಲ್ಯಾಟಿನ್‌ನಲ್ಲಿ ಅದರ ಅರ್ಥವೇ ಹುಟ್ಟುಮಚ್ಚೆ. ಹಾಗಾಗಿ ‘ಎಣ್ಣೆಗ್ರಂಥಿಯ ಹುಟ್ಟುಮಚ್ಚೆ’ ಅಂತ ಇಟ್ಟಿದ್ದೇನೆ. ಒಂದೇ ಅಳುಕು: ಮಚ್ಚೆ ಅಂದ ಕೂಡಲೇ ನಮಗೆ ನೆನಪಾಗುವುದು ಕಪ್ಪು ಚುಕ್ಕೆ. ಹಳದಿಯ, ಕೂದಲಿಲ್ಲದ ಜಾಗವನ್ನು ಮಚ್ಚೆ ಅಂದರೆ ಓದುವವರಿಗೆ ಗುರುತು ಹತ್ತುತ್ತದೆಯೇ? ಹತ್ತದಿದ್ದರೆ ಹುಳುಕಡ್ಡಿ ಅಂದುಕೊಂಡು ಸುಮ್ನೆ ಮುಲಾಮು ಹಚ್ಚುತ್ತಾ ಇರುತ್ತಾರೆ.

ನಿಮ್ಮ ಕಡೆ ಕೂಸಿನ ತಲೆಯ ಇಂಥ ಬೋಳು ಗುರುತಿಗೆ ಬೇರೆ ಹೆಸರು ಇದೆಯೇ? ಧಾರವಾಡ, ಕಲಬುರಗಿ, ಕರಾವಳಿ ಕಡೆಯ ಮಾತು ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಹಿರಿಯ ಹೆಂಗಸರು ಏನನ್ನುತ್ತಾರೆ ಅಂತ ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು.